ಹಾಡಿನ ನಡುವೆ ಸುದ್ದಿ

ನಮ್ಮ ನೆರೆಮನೆಯ ಮೇಷ್ಟ್ರು ಸಂಗೀತದ ವಿಷಯದಲ್ಲಿ ಬಹಳ ನಿಷ್ಠುರರು. ಕಛೇರಿಯಲ್ಲಿ ಕುಳಿತಿರುವಾಗ ಕೆಮ್ಮು ಬಂದರೆ ಎದ್ದು ಹೊರಕ್ಕೆ ಹೋಗಿ ಕೆಮ್ಮಿ ಬರತಕ್ಕವರು. ಅಂಥವರು ಒಂದು ದಿನ ಬೆಳಗ್ಗೆ ಏಳೂವರೆ ಗಂಟೆಗೆ ನಮ್ಮ ಜಗಲಿಯನ್ನು ಹತ್ತಿ ಬಂದು, ಕುಳಿತುಕೊಳ್ಳುವುದಕ್ಕೂ ಮುಂಚೆಯೇ, "ಕೇಳಿದಿರಾ ಸ್ವಾಮಿ? ಎಂಥ ಅನ್ಯಾಯ!" ಎಂದರು. ಯಾರ ಮನೆಯಲ್ಲಿ ಏನಾಯಿತೋ ಎಂದು ನಾವು ಗಾಬರಿಯಾದೆವು. ವಿಚಾರಿಸಿದಲ್ಲಿ ಆದುದು ಇಷ್ಟೆ. ನಮ್ಮ ಊರಿನ ಪುಟ್ಟ ಬಾನುಲಿಯಲ್ಲಿ ಆ ದಿನ ಅಗ್ರಹಾರದ ಹುಡುಗಿಯೊಬ್ಬಳು ದೇವರನಾಮವನ್ನು ಹಾಡಿದ್ದಳು. ಹಾಡು ಮುಗಿದು ಶ್ರುತಿಯ ನಾದ ಇನ್ನೂ ಕಿವಿಯಲ್ಲಿ ಇರುವಾಗಲೇ ನಿರೂಪಣೆಯ ಹುಡುಗಿಯ ಧ್ವನಿ ಬಂದಿತಂತೆ: "ಈ ದಿನ ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಕೋಟೆ ಬೀದಿಯಲ್ಲಿ ಕರೆಂಟು ಇರುವುದಿಲ್ಲ. ಕಂದು ಬಣ್ಣದ ಹಸುವೊಂದು ನಿನ್ನೆ ಸಂಜೆಯಿಂದ ಕಾಣೆಯಾಗಿದೆ. ಕೊರಳಲ್ಲಿ ಒಡೆದ ಗಂಟೆಯಿದೆ."

"ಪಾಯಸ ಬಡಿಸಿದ ಎಲೆಯ ಮೇಲೆಯೇ ದಿನಪತ್ರಿಕೆಯನ್ನು ಹಾಸಿದ ಹಾಗಾಯಿತು," ಎಂದು ಮೇಷ್ಟ್ರು ನೊಂದು ನುಡಿದರು. "ಹಾಡು ಹಾಡಾಗಿರಲಿ, ಸುದ್ದಿ ಸುದ್ದಿಯಾಗಿರಲಿ. ಎರಡನ್ನೂ ಕಲಸಿದರೆ ಹಾಡಿನ ಮರ್ಯಾದೆಯೂ ಹೋಯಿತು, ಸುದ್ದಿಯ ಗಾಂಭೀರ್ಯವೂ ಹೋಯಿತು."

ಆಗ ನಾವು ತಲೆಯಾಡಿಸಿದೆವು. ಅರ್ಧಾಂಶ ಅವರ ಮಾತು ಸರಿಯೆಂದೇ ತೋರಿತು. ಉಳಿದರ್ಧ ಅವರು ವಯಸ್ಸಿನಲ್ಲಿ ದೊಡ್ಡವರೆಂಬ ಗೌರವ. ಒಳಗಿನಿಂದ ಕಾಫಿಯನ್ನು ತಂದ ನಮ್ಮ ಮನೆಯವರು ಮಾತ್ರ, "ಆ ಹಸು ಸಿಕ್ಕಿತಂತೆಯೆ?" ಎಂದು ಕೇಳಿದರು. ಮೇಷ್ಟ್ರು ಆ ಪ್ರಶ್ನೆಗೆ ಉತ್ತರವನ್ನು ಕೊಡಲಿಲ್ಲ. ಆದರೆ ಈ ಮೂರು ವರ್ಷಗಳಲ್ಲಿ ನಮ್ಮ ಅಭಿಪ್ರಾಯವು ಮೆಲ್ಲಮೆಲ್ಲಗೆ ಹಸುವಿನ ಪಕ್ಷಕ್ಕೆ ಸರಿದುಬಿಟ್ಟಿದೆ. ಅದು ಹೇಗಾಯಿತೆಂಬುದನ್ನು ವಾಚಕರ ಮುಂದಿಡಬೇಕೆಂದು ಈ ನಾಲ್ಕು ಮಾತು.

ಮೊದಲು ಆ ಬಾನುಲಿಯ ಪರಿಚಯವನ್ನು ಮಾಡಿಕೊಡಬೇಕು. ಹಳೆಯ ಛತ್ರದ ಮಹಡಿಯ ಮೇಲೆ ಎರಡು ಕೋಣೆಗಳು. ಒಂದರಲ್ಲಿ ಯಂತ್ರಗಳು, ಇನ್ನೊಂದರಲ್ಲಿ ಹಾಡುವವರು. ಪ್ರತಿಧ್ವನಿಯು ಬಾರದಿರಲೆಂದು ಗೋಡೆಗೆಲ್ಲ ಹಳೆಯ ಕಂಬಳಿಗಳನ್ನು ಹೊಡೆದಿದ್ದಾರೆ. ಕಿಟಕಿಯನ್ನು ಎಷ್ಟು ಬಿಗಿಯಾಗಿ ಮುಚ್ಚಿದರೂ ಹಿಂದಿನ ಹಿತ್ತಿಲಿನ ಮೇಕೆಯ ಕೂಗು ಒಮ್ಮೊಮ್ಮೆ ಒಳಕ್ಕೆ ನುಗ್ಗಿ, ತಾಳಕ್ಕೆ ಸರಿಯಾಗಿಯೋ ತಪ್ಪಾಗಿಯೋ ಊರಿಗೆಲ್ಲ ಕೇಳುವುದುಂಟು. ಬೆಳಗ್ಗೆ ಆರೂವರೆಯಿಂದ ಏಳೂವರೆಯವರೆಗೆ ಒಂದು ಗಂಟೆಯ ಕಾಲ ಊರಿನ ಹಾಡು. ಸೋಮವಾರ ಭಜನೆಯ ಮಂಡಲಿಯವರು, ಮಂಗಳವಾರ ಹೆಂಗಸರ ಸೋಬಾನೆ ಪದಗಳು, ಬುಧವಾರ ತಂಬೂರಿಯವರ ತತ್ತ್ವಪದಗಳು, ಗುರುವಾರ ಶಾಲೆಯ ಮಕ್ಕಳು, ಶುಕ್ರವಾರ ದೇವರನಾಮ, ಶನಿವಾರ ಮದುವೆಯ ವಾದ್ಯದವರು, ಭಾನುವಾರ ಯಾರು ಬಂದರೆ ಅವರು. ಒಂದು ಭಾನುವಾರ ಬಸ್ಸಿನ ಕಂಡಕ್ಟರೊಬ್ಬರು ಬಂದು ರಂಗಗೀತೆಗಳನ್ನು ಹಾಡಿದರು. ಆ ದಿನದಿಂದ ಅವರ ಬಸ್ಸಿನಲ್ಲಿ ಚಿಲ್ಲರೆಗಾಗಿ ಜಗಳವಾಡುವವರು ಕಡಮೆಯಾದರೆಂದು ಹೇಳುತ್ತಾರೆ.

ಪ್ರತಿ ಎರಡು ಹಾಡುಗಳ ನಡುವೆ ಊರಿನ ವಿಷಯಗಳು ಬರುತ್ತವೆ. ನಲ್ಲಿಯಲ್ಲಿ ನೀರು ಎಂದು ಬರುತ್ತದೆ, ಪಶುವೈದ್ಯರು ಯಾವ ಹಳ್ಳಿಗೆ ಹೋಗುತ್ತಾರೆ, ಮಾರುಕಟ್ಟೆಯಲ್ಲಿ ಹಿಂದಿನ ದಿನ ತೆಂಗಿನಕಾಯಿ ಎಷ್ಟಕ್ಕೆ ಹೋಯಿತು, ಪರೀಕ್ಷೆಯ ಹಣವನ್ನು ಕಟ್ಟುವುದಕ್ಕೆ ಕಡೆಯ ದಿನ ಯಾವುದು, ಮಗುವಿಗೆ ಲಸಿಕೆಯನ್ನು ಎಲ್ಲಿ ಹಾಕುತ್ತಾರೆ, ಯಾರ ಮನೆಯ ಕೀಲಿಗೊಂಚಲು ಯಾವ ಅಂಗಡಿಯಲ್ಲಿ ಬಿದ್ದಿದೆ. ಇವೆಲ್ಲ ದೊಡ್ಡ ಪತ್ರಿಕೆಗಳ ಕಣ್ಣಿಗೆ ಸುದ್ದಿಯಲ್ಲ. ಆದರೆ ನಲ್ಲಿಯ ಮುಂದೆ ಕೊಡವನ್ನಿಟ್ಟುಕೊಂಡು ಕಾಯುವ ಗೃಹಿಣಿಗೆ ದೂರದ ದೇಶದ ಚುನಾವಣೆಗಿಂತ ನೀರಿನ ಸಮಯವೇ ದೊಡ್ಡ ಸುದ್ದಿ. ನಮ್ಮ ಮನೆಯಲ್ಲಿಯೇ ಇದಕ್ಕೆ ಸಾಕ್ಷಿಯುಂಟು. ನಾವು ಹಾಡಿಗಾಗಿ ಬಾನುಲಿಯನ್ನು ಹಾಕುತ್ತೇವೆ. ನಮ್ಮ ಮನೆಯವರು ನೀರಿಗಾಗಿ ಹಾಕುತ್ತಾರೆ. ಹೀಗೆ ಒಂದೇ ಪೆಟ್ಟಿಗೆಯಿಂದ ಇಬ್ಬರಿಗೂ ತೃಪ್ತಿಯಾಗುವುದು ಸಂಸಾರದಲ್ಲಿ ಸಾಮಾನ್ಯವಾದ ಸಂಗತಿಯಲ್ಲ.

ಹಾಡನ್ನೂ ಸುದ್ದಿಯನ್ನೂ ಕಲಸುವುದು ಈ ಹುಡುಗಿಯು ಕಂಡುಹಿಡಿದ ಹೊಸ ಪಾಪವೆಂದು ಮೇಷ್ಟ್ರು ಭಾವಿಸಿದ್ದರು. ನಮಗೂ ಹಾಗೆಯೇ ತೋರಿತ್ತು. ಆದರೆ ಸ್ವಲ್ಪ ಯೋಚಿಸಿದರೆ ಇದು ನಮ್ಮ ನಾಡಿನ ಬಹು ಹಳೆಯ ಪದ್ಧತಿಯೆಂಬುದು ತಿಳಿಯುತ್ತದೆ. ಪತ್ರಿಕೆಗಳು ಹಳ್ಳಿಗಳನ್ನು ಮುಟ್ಟದಿದ್ದ ಕಾಲದಲ್ಲಿ ಸುದ್ದಿಯು ಹಾಡಿನ ಹೆಗಲ ಮೇಲೆ ಕುಳಿತೇ ಊರೂರನ್ನು ಸುತ್ತುತ್ತಿದ್ದಿತು. ಸಂಗೊಳ್ಳಿ ರಾಯಣ್ಣನನ್ನು 1831ನೆಯ ಇಸವಿ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಆ ವಾರ್ತೆಯನ್ನು ಜನರು ಓದಿ ತಿಳಿಯಲಿಲ್ಲ. ಲಾವಣಿಕಾರರ ಬಾಯಿಂದ ಕೇಳಿ ತಿಳಿದರು. 1857ರಲ್ಲಿ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂದು ಕಂಪನಿ ಸರಕಾರವು ಕಾಯಿದೆಯನ್ನು ಮಾಡಿದಾಗ ಮುಧೋಳದ ಸೀಮೆಯ ಹಲಗಲಿಯ ಬೇಡರು ಒಪ್ಪದೆ ತಿರುಗಿಬಿದ್ದರು. ಅವರ ಊರು ಸುಟ್ಟುಹೋಯಿತು. ಅದೂ ಲಾವಣಿಯಾಯಿತು. ಫ್ಲೀಟ್ ಸಾಹೇಬರು ಇಂಥ ಲಾವಣಿಗಳನ್ನು ಹುಡುಕಿ ಬರೆಸಿಕೊಂಡು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚುಹಾಕಿಸಿದುದರಿಂದ ಇಂದು ನಾವು ಅವನ್ನು ಪುಸ್ತಕದಲ್ಲಿ ಓದುತ್ತೇವೆ. ಬೈಲಹೊಂಗಲದ ಕಡೆ ನಡೆದ ಒಂದು ಕೊಲೆಯ ಸುದ್ದಿಯು 'ಸಂಗ್ಯಾ ಬಾಳ್ಯಾ' ಎಂಬ ಸಣ್ಣಾಟವಾಗಿ ಇಂದಿಗೂ ರಂಗದ ಮೇಲೆ ಕುಣಿಯುತ್ತಿದೆ.

ಆಮೇಲಿನ ಕಾಲದಲ್ಲಿ ಗೀಗೀ ಮೇಳದವರು ಬಂದರು. ಒಬ್ಬನು ಡಪ್ಪನ್ನು ಬಾರಿಸುತ್ತ ಮುಂದೆ ನಿಂತು ಹಾಡುವನು. ಹಿಂದಿನವರು ತುಂತುಣಿಯನ್ನು ಮೀಟುತ್ತ, ತಾಳ ಹಾಕುತ್ತ ಗೀಗೀ ಎಂದು ದನಿಗೂಡಿಸುವರು. ಸ್ವಾತಂತ್ರ್ಯದ ಚಳವಳಿಯ ದಿನಗಳಲ್ಲಿ ಅವರು ಗಾಂಧೀಜಿಯವರ ವಿಚಾರ, ಖಾದಿಯ ವಿಚಾರ, ಉಪ್ಪಿನ ಸತ್ಯಾಗ್ರಹದ ವಿಚಾರಗಳನ್ನು ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ಹಾಡಿ, ಅಕ್ಷರವನ್ನು ಅರಿಯದ ಜನಕ್ಕೆ ದೇಶದ ಸಮಾಚಾರವನ್ನು ಮುಟ್ಟಿಸಿದರು. ನಮ್ಮ ಕಡೆಯ ಹೆಳವರನ್ನು ನೆನೆಯಿರಿ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಮನೆಯ ಮುಂದೆ ನಿಂತು ವಂಶಾವಳಿಯನ್ನು ಹೇಳುತ್ತ, ಯಾವ ಊರಿನಲ್ಲಿ ನಮ್ಮವರು ಯಾರಿದ್ದಾರೆ, ಅವರಿಗೆ ಮಕ್ಕಳೆಷ್ಟು ಎಂಬುದನ್ನೂ ಹೇಳಿಹೋಗುತ್ತಿದ್ದರು. ಅವರಿಗೆ ನಮ್ಮ ಅಜ್ಜಿಯು ಮೊರದ ತುಂಬ ರಾಗಿಯನ್ನು ಕೊಟ್ಟುದು ಪದದ ಇಂಪಿಗೋ, ಅಥವಾ ತವರುಮನೆಯ ಸುದ್ದಿಗೋ? ಕೇಳಿದ್ದರೆ ಅಜ್ಜಿಗೇ ಹೇಳುವುದಕ್ಕಾಗುತ್ತಿರಲಿಲ್ಲ.

ಬಾನುಲಿಯ ಕಥೆಯೂ ನಮ್ಮಲ್ಲಿ ಮನೆಯೊಳಗಿಂದಲೇ ಆರಂಭವಾದುದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಇಸವಿ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಸ್ವಂತ ಮನೆಯಿಂದ ಪ್ರಸಾರವನ್ನು ಮೊದಲುಮಾಡಿದರು. ಅವರ ಪ್ರೇಷಕಯಂತ್ರದ ಶಕ್ತಿ 30 ವಾಟು. ಅಂದರೆ ನಮ್ಮ ಮನೆಗಳಲ್ಲಿ ಹಿಂದೆ ಉರಿಯುತ್ತಿದ್ದ ಬುರುಡೆ ದೀಪಕ್ಕಿಂತ ಕಡಮೆ! ಆ ಬಾನುಲಿಗೆ 'ಆಕಾಶವಾಣಿ' ಎಂಬ ಹೆಸರು ಬಂದಿತು. 1942ರಲ್ಲಿ ಮೈಸೂರು ಸಂಸ್ಥಾನದ ಸರಕಾರವು ಅದನ್ನು ವಹಿಸಿಕೊಂಡಿತು; ಮುಂದೆ ದೇಶದ ಬಾನುಲಿಗೆಲ್ಲ ಅದೇ ಹೆಸರು ನಿಂತಿತು. ಮೇಷ್ಟ್ರೇ ಮೆಚ್ಚಿ ಕೊಂಡಾಡುವ ಆ ಸಂಸ್ಥೆಯು ಹುಟ್ಟಿದಾಗ ಒಬ್ಬ ಗೃಹಸ್ಥರ ಮನೆಯ ಉತ್ಸಾಹವಾಗಿತ್ತು ಎಂಬುದನ್ನು ನಾವು ಮರೆಯಬಾರದು. ನಮ್ಮ ಛತ್ರದ ಮಹಡಿಯು ಆ ಮನೆಯ ಮೊಮ್ಮಗಳ ಹಾಗೆ.

ಆದರೆ ಈ ಮೊಮ್ಮಗಳು ಹುಟ್ಟುವುದು ಅಷ್ಟು ಸುಲಭವಾಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ ಆಕಾಶದ ಅಲೆಗಳೆಲ್ಲ ಸರಕಾರದ ಸ್ವತ್ತಾಗಿದ್ದುವು. ಅದನ್ನು ಸಡಿಲಿಸಿದುದು ಸಂಗೀತವೂ ಅಲ್ಲ, ಸಾಹಿತ್ಯವೂ ಅಲ್ಲ, ಕ್ರಿಕೆಟ್ ಆಟ! ಬಂಗಾಳದ ಕ್ರಿಕೆಟ್ ಸಂಘಕ್ಕೂ ಕೇಂದ್ರ ಸರಕಾರಕ್ಕೂ ಪಂದ್ಯದ ಪ್ರಸಾರದ ವಿಷಯದಲ್ಲಿ ನಡೆದ ವ್ಯಾಜ್ಯದಲ್ಲಿ, ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ತೀರ್ಪುಕೊಟ್ಟಿತು. ಆದರೂ ಹಳ್ಳಿಯವರಿಗೆ ಅಪ್ಪಣೆ ಸಿಕ್ಕಲಿಲ್ಲ. ಕೋಲಾರದ ಸೀಮೆಯಲ್ಲಿ ಹೈದರಾಲಿಯು ಹುಟ್ಟಿದ ಬೂದಿಕೋಟೆಯೆಂಬ ಊರಿದೆಯಷ್ಟೆ. ಅಲ್ಲಿಯವರು 'ನಮ್ಮ ಧ್ವನಿ' ಎಂದು ಹೆಸರಿಟ್ಟು, ಅಲೆಯ ಮೂಲಕ ಹೋಗಲಾಗದಿದ್ದರೆ ತಂತಿಯ ಮೂಲಕ ಹೋಗೋಣವೆಂದು, 2003ರಲ್ಲಿ ಟೆಲಿವಿಷನ್ ಕೇಬಲಿನ ದಾರಿಯಿಂದಲೇ ಮನೆಮನೆಗೆ ತಮ್ಮ ಮಾತನ್ನೂ ಹಾಡನ್ನೂ ಕಳುಹಿಸಿದರು. 2002ರಲ್ಲಿ ವಿದ್ಯಾಸಂಸ್ಥೆಗಳಿಗೆ ಅನುಮತಿಯ ಬಾಗಿಲು ತೆರೆದಿತ್ತು. 2006ರಲ್ಲಿ ಊರಿನ ಸೇವಾಸಂಸ್ಥೆಗಳಿಗೂ ತೆರೆಯಿತು. 2008ರಲ್ಲಿ ಮೇದಕದ ಸೀಮೆಯಲ್ಲಿ ದಲಿತ ಹೆಣ್ಣುಮಕ್ಕಳೇ ನಡೆಸುವ 'ಸಂಘಂ ರೇಡಿಯೋ' ಮಾತನಾಡಲಾರಂಭಿಸಿತು. ಹೀಗೆ ಒಂದೊಂದಾಗಿ ಊರುಗಳಿಗೆ ಬಾಯಿ ಬಂದಿತು.

ಬಾಯಿ ಬಂದಿತು ನಿಜ. ಆದರೆ ಅದಕ್ಕೆ ಒಂದು ಕಡಿವಾಣವೂ ಬಂದಿತು. 2006ರ ನಿಯಮಾವಳಿಯ ಪ್ರಕಾರ ಇಂಥ ಬಾನುಲಿಯ ಶಕ್ತಿ 100 ವಾಟು, ಕಂಬದ ಎತ್ತರ 30 ಮೀಟರು. ಅದರ ಧ್ವನಿಯು ಸುತ್ತ ಹತ್ತು ಕಿಲೋಮೀಟರು ಹೋದರೆ ಹೆಚ್ಚು. ಕಾರ್ಯಕ್ರಮಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು ಊರಿನವರೇ ಸೇರಿ ಮಾಡಿದುದಾಗಿರಬೇಕು. ಇದೆಲ್ಲ ಒಪ್ಪತಕ್ಕ ಮಾತೇ. ಇದರ ಜೊತೆಗೆ ಇನ್ನೊಂದು ನಿಬಂಧನೆ: ವಾರ್ತೆಗಳನ್ನೂ ರಾಜಕೀಯದ ವಿಷಯಗಳನ್ನೂ ಪ್ರಸಾರಮಾಡಕೂಡದು. ಹವೆ, ವಿದ್ಯುತ್ತು, ಕುಡಿಯುವ ನೀರು, ರೋಗರುಜಿನ ಮೊದಲಾದುವುಗಳ ಪ್ರಕಟಣೆಗೆ ಅಡ್ಡಿಯಿಲ್ಲ. ಪ್ರಕಟಣೆಯು ಎಲ್ಲಿ ಮುಗಿಯಿತು, ವಾರ್ತೆಯು ಎಲ್ಲಿ ಮೊದಲಾಯಿತು ಎಂಬ ಗೆರೆಯನ್ನು ಎಳೆಯಬೇಕಾದವಳು ಇಪ್ಪತ್ತೆರಡು ವರ್ಷದ ಆ ನಿರೂಪಣೆಯ ಹುಡುಗಿ.

ಒಂದು ಬೇಸಗೆಯಲ್ಲಿ ಹತ್ತು ದಿನ ನಮ್ಮ ಬೀದಿಗೆ ನೀರು ಬರಲಿಲ್ಲ. ಬಾನುಲಿಯು ಪ್ರತಿದಿನ ಸೋಬಾನೆಯ ನಡುವೆಯೋ ಭಜನೆಯ ನಡುವೆಯೋ, "ಈ ದಿನವೂ ನೀರು ಇರುವುದಿಲ್ಲ" ಎಂದು ಸತ್ಯವನ್ನೇ ಹೇಳುತ್ತಿತ್ತು. ಹನ್ನೊಂದನೆಯ ದಿನ ನಮ್ಮ ಮನೆಯವರು ಮಹಡಿಯನ್ನು ಹತ್ತಿಯೇ ಹೋದರು.

"ನೀರು ಬರುವುದಿಲ್ಲ ಎಂದು ದಿನಾ ಹೇಳುತ್ತೀಯಲ್ಲ ಮಗು, ಅದು ನಮ್ಮ ನಲ್ಲಿಗೇ ಗೊತ್ತು. ಏಕೆ ಬರುವುದಿಲ್ಲ ಅಂತ ಹೇಳಬಾರದೆ?"

ಹುಡುಗಿ ನಗುವಿನಲ್ಲಿಯೇ ದೈನ್ಯವನ್ನು ಬೆರೆಸಿ, "ಅಮ್ಮಾ, ಬರುವುದಿಲ್ಲ ಎಂದರೆ ಪ್ರಕಟಣೆ. ಏಕೆ ಬರುವುದಿಲ್ಲ ಎಂದರೆ ಸುದ್ದಿ. ಮೊದಲನೆಯದಕ್ಕೆ ಅಪ್ಪಣೆಯಿದೆ, ಎರಡನೆಯದಕ್ಕೆ ಇಲ್ಲ" ಎಂದಳು.

ನಮ್ಮ ಮನೆಯವರು ಈ ಮಾತನ್ನು ಬಂದು ನಮಗೆ ಹೇಳಿದಾಗ ನಾವು ಮೊದಲು ನಕ್ಕೆವು. ಆಮೇಲೆ ನಗುವು ತಾನಾಗಿ ನಿಂತಿತು. ಸರಕಾರದ ಭಯಕ್ಕೂ ಕಾರಣವಿಲ್ಲದೆ ಇಲ್ಲ. ಇಷ್ಟೊಂದು ಸಣ್ಣ ಕೇಂದ್ರಗಳು ಏನೇನು ಆಡುತ್ತವೆಯೆಂದು ಕೇಳಿ ನೋಡುವವರು ಯಾರು, ಒಂದು ಸುಳ್ಳಿನಿಂದ ಊರಿನ ನೆಮ್ಮದಿ ಕೆಟ್ಟರೆ ಹೊಣೆ ಯಾರು ಎಂಬುದು ಅವರ ಪ್ರಶ್ನೆ. ಈ ನಿರ್ಬಂಧವನ್ನು ತೆಗೆಯಬೇಕೆಂದು 2013ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿಯೂ ಹೋಯಿತು. ಅದರ ನ್ಯಾಯಾನ್ಯಾಯಗಳನ್ನು ತಿಳಿದವರು ವಿಚಾರಿಸಲಿ. ನಾವು ಗೃಹಸ್ಥರು, ನಮ್ಮ ಕೊಡಗಳು ಬರಿದಾಗಿದ್ದುವು, ಅದರ ಕಾರಣವನ್ನು ಕೇಳುವ ಹಕ್ಕು ನಮಗಿದೆಯೆಂದು ಮಾತ್ರ ಅನ್ನಿಸಿತು.

ಆದರೆ ಪಕ್ಷಪಾತವಿಲ್ಲದೆ ಹೇಳಬೇಕಾದರೆ ನಮ್ಮ ಬಾನುಲಿಯ ತಪ್ಪೊಂದನ್ನೂ ಹೇಳಲೇಬೇಕು. ಒಂದು ಬೆಳಗ್ಗೆ ತತ್ತ್ವಪದವು ಮುಗಿದ ಕೂಡಲೆ, ಪೇಟೆಯ ಬೀದಿಯ ಹಿರಿಯರೊಬ್ಬರು ಕಾಲವಾದರೆಂದೂ ಮಧ್ಯಾಹ್ನ ಅಂತ್ಯಕ್ರಿಯೆಯೆಂದೂ ಪ್ರಕಟಣೆಯಾಯಿತು. ಪದವೂ ಶರೀರದ ಅನಿತ್ಯತೆಯ ವಿಷಯವೇ ಆಗಿದ್ದುದರಿಂದ ಕೇಳಿದವರ ಮನಸ್ಸು ಮತ್ತಷ್ಟು ಕರಗಿತು. ಹೂವಿನ ಹಾರಗಳೊಂದಿಗೆ ಹೋದವರನ್ನು ಬಾಗಿಲಿನಲ್ಲಿ ಎದುರುಗೊಂಡವರು ಆ ಹಿರಿಯರೇ! ತೀರಿಕೊಂಡವರು ಪಕ್ಕದ ಹಳ್ಳಿಯಲ್ಲಿದ್ದ ಅದೇ ಹೆಸರಿನ ಇನ್ನೊಬ್ಬರು. ಹುಡುಗಿಯು ಮನೆಗೆ ಹೋಗಿ ಕಾಲಿಗೆ ಬಿದ್ದಳು. ಮರುದಿನ ಕಾರ್ಯಕ್ರಮದ ಮೊದಲ ಮಾತಾಗಿ ತಪ್ಪೊಪ್ಪಿಕೊಂಡಳು. ಆ ಹಿರಿಯರು ದೊಡ್ಡ ಮನಸ್ಸಿನವರು. ಮುಂದಿನ ಭಾನುವಾರ ತಾವೇ ಮಹಡಿಯನ್ನು ಹತ್ತಿ ಬಂದು, "ನಾನಿದ್ದೇನೆಂಬುದು ಊರಿಗೆ ತಿಳಿಯಲಿ" ಎಂದು ಎರಡು ದೇವರನಾಮಗಳನ್ನು ಹಾಡಿದರು. ಅಂದಿನಿಂದ ಆ ಹುಡುಗಿ ಯಾವ ವಿಷಯವನ್ನೇ ಆಗಲಿ ಎರಡು ಕಡೆ ವಿಚಾರಿಸದೆ ಹೇಳುವುದಿಲ್ಲ. ಹಾಡಿನಲ್ಲಿ ಒಂದು ಸ್ವರ ತಪ್ಪಿದರೆ ರಾಗ ಕೆಟ್ಟೀತು. ಸುದ್ದಿಯಲ್ಲಿ ಒಂದು ಹೆಸರು ತಪ್ಪಿದರೆ ಮನೆ ಕೆಟ್ಟೀತು. ಈ ವಿಷಯದಲ್ಲಿ ಮೇಷ್ಟ್ರ ಎಚ್ಚರಿಕೆಯೂ ಸರಕಾರದ ಎಚ್ಚರಿಕೆಯೂ ಸುಳ್ಳಲ್ಲ.

ಎರಡು ವರ್ಷದ ಹಿಂದೆ ಆಶ್ವಯುಜದ ಮಳೆಯಲ್ಲಿ ನಡೆದುದನ್ನು ಇನ್ನು ಹೇಳುತ್ತೇವೆ.

ಮೂರು ದಿನ ಬಿಡದೆ ಸುರಿದಿತ್ತು. ನಾಲ್ಕನೆಯ ದಿನ ಮಂಗಳವಾರ. ಕೆಳಗಿನ ಬೀದಿಯ ಅಜ್ಜಿಯೊಬ್ಬರು ಸೋಬಾನೆಯನ್ನು ಹಾಡುತ್ತಿದ್ದರು. ಅವರಿಗೆ ಎಂಬತ್ತರ ಹತ್ತಿರದ ವಯಸ್ಸು. ಹಲ್ಲಿಲ್ಲ, ಆದರೆ ಧ್ವನಿಯಲ್ಲಿ ಬಿರುಕಿಲ್ಲ. ಅವರ ಹಾಡೆಂದರೆ ಊರಿನ ಅರ್ಧ ಮನೆಗಳು ಒಲೆಯ ಮುಂದೆ ಕಿವಿಗೊಟ್ಟು ಕುಳಿತಿರುತ್ತವೆ. ಅಂಥ ಗ್ರಾಮ್ಯಗೀತವನ್ನು ಕೇಳುವುದಿಲ್ಲವೆಂದು ಹೇಳುವ ಮೇಷ್ಟ್ರೂ ಆ ಅಜ್ಜಿಯ ದಿನ ಮಾತ್ರ ಬಾನುಲಿಯನ್ನು ಆರಿಸುತ್ತಿರಲಿಲ್ಲವೆಂಬುದು ನಮಗೆ ಗೋಡೆಯ ಮೂಲಕ ಗೊತ್ತಿತ್ತು. ಪದವು ನಡುವಿನಲ್ಲಿ, ಮದುಮಗಳನ್ನು ಹಸೆಗೆ ಕರೆಯುವ ಕಡೆಗೆ ಬಂದಿತ್ತು. ಅಷ್ಟರಲ್ಲಿ ಹಾಡು ತಟ್ಟನೆ ನಿಂತಿತು. ಹುಡುಗಿಯ ಧ್ವನಿ ಬಂದಿತು. ಅವಸರವಿಲ್ಲ, ನಡುಕವಿಲ್ಲ.

"ಎಲ್ಲರೂ ಕೇಳಬೇಕು. ದೊಡ್ಡ ಕೆರೆಯ ಕೋಡಿ ಬಿದ್ದಿದೆ. ಹಳ್ಳದ ಸೇತುವೆಯ ಮೇಲೆ ಮೊಣಕಾಲಿನ ಮಟ್ಟಕ್ಕೆ ನೀರು ಹರಿಯುತ್ತಿದೆ. ಯಾರೂ ಸೇತುವೆಯನ್ನು ದಾಟಬಾರದು. ಕೆಳಗಿನ ಬೀದಿಯವರು ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಶಾಲೆಯ ಕಟ್ಟಡಕ್ಕೆ ಹೋಗಬೇಕು. ದನಗಳ ಹಗ್ಗವನ್ನು ಬಿಚ್ಚಿಬಿಡಿ."

ಇದೇ ಮಾತನ್ನು ಮೂರು ಸಲ ಹೇಳಿದಳು. ಅವಳಿಗೆ ವಿಷಯವನ್ನು ತಿಳಿಸಿದವನು ಕೆರೆಯ ನೀರುಗಂಟಿ. ಅವನು ಏರಿಯ ಮೇಲಿಂದ ಮೊಬೈಲಿನಲ್ಲಿ ಕೂಗಿ ಹೇಳಿದ್ದನ್ನು ಕೇಳಿ, ತಾಲ್ಲೂಕು ಕಚೇರಿಗೆ ಫೋನುಮಾಡಿ ಖಚಿತಮಾಡಿಕೊಂಡು, ಆಮೇಲೆಯೇ ಅಜ್ಜಿಯ ಕೈಯನ್ನು ಹಿಡಿದು ಹಾಡನ್ನು ನಿಲ್ಲಿಸಿದಳಂತೆ.

ಅದೇ ವೇಳೆಯಲ್ಲಿ ಮೇಷ್ಟ್ರ ಮೊಮ್ಮಗನು ಚೀಲವನ್ನು ಹೆಗಲಿಗೆ ಹಾಕಿಕೊಂಡು ಸೈಕಲ್ಲನ್ನು ಹೊರಕ್ಕೆ ತೆಗೆಯುತ್ತಿದ್ದನು. ಅವನ ಕಾಲೇಜು ಸೇತುವೆಯ ಆಚೆಗೆ. ಮೇಷ್ಟ್ರು ಬರಿಗಾಲಿನಲ್ಲಿ ಮಳೆಗೆ ಓಡಿಬಂದು ಸೈಕಲ್ಲಿನ ಹಿಂದಿನ ಕಂಬಿಯನ್ನು ಹಿಡಿದುಕೊಂಡುದನ್ನು ನಾವು ಕಿಟಕಿಯಿಂದ ನೋಡಿದೆವು. "ಇಳಿಯೋ, ಇಳಿ" ಎನ್ನುವುದಕ್ಕಿಂತ ಹೆಚ್ಚಿನ ಮಾತು ಅವರ ಬಾಯಿಂದ ಹೊರಡಲಿಲ್ಲ.

ಸೇತುವೆಯ ಒಂದು ಬದಿಯ ಕಟ್ಟೆ ಒಂಬತ್ತು ಗಂಟೆಯ ಹೊತ್ತಿಗೆ ಕೊಚ್ಚಿಹೋಯಿತು. ಕೆಳಗಿನ ಬೀದಿಯ ಏಳು ಮನೆಗಳ ಗೋಡೆಗಳು ಬಿದ್ದುವು. ಮನುಷ್ಯರಿಗೆ ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂಬ ಕಾರಣದಿಂದಲೇ ಪತ್ರಿಕೆಗಳಲ್ಲಿ ನಮ್ಮ ಊರಿನ ಹೆಸರು ಬರಲಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಮೊಬೈಲು ಇರುವಾಗ ಬಾನುಲಿಯೇ ಏಕೆ ಬೇಕು ಎಂದು ಕೇಳುವವರುಂಟು. ಆ ದಿನ ಬೆಳಗ್ಗೆ ಮೊಬೈಲುಗಳಲ್ಲಿ ಕೆರೆಯ ಏರಿ ಒಡೆಯಿತೆಂಬ ಸುಳ್ಳೂ ಬಂದಿತ್ತು, ಏನೂ ಆಗಿಲ್ಲವೆಂಬ ಸುಳ್ಳೂ ಬಂದಿತ್ತು. ಜನರು ನಂಬಿದುದು ದಿನವೂ ತಮ್ಮ ಮನೆಯ ಹಾಡನ್ನು ಕೇಳಿಸುತ್ತಿದ್ದ ಧ್ವನಿಯನ್ನು. ಪರಿಚಯವಿಲ್ಲದವನು ಬಂದು ಮನೆಯನ್ನು ಬಿಡೆಂದರೆ ಯಾರು ಬಿಡುತ್ತಾರೆ? ಮದುವೆಗೆ ಸೋಬಾನೆ ಹಾಡಿದವಳು ಹೇಳಿದರೆ ಬಿಡುತ್ತಾರೆ. ಊರಿನವರ ಕಿವಿಗಳನ್ನು ಆ ಹೊತ್ತಿಗೆ ಒಂದೆಡೆ ಕೂಡಿಸಿದ್ದುದು ಹಾಡು. ಕೂಡಿದ್ದ ಕಿವಿಗಳಿಗೆ ಸುದ್ದಿಯು ಮುಟ್ಟಿತು. ಆರೂವರೆಗೆ ಬರಿಯ ಪ್ರಕಟಣೆಗಳನ್ನೇ ಓದುತ್ತಿದ್ದರೆ ಆ ಪೆಟ್ಟಿಗೆಯನ್ನು ಹಾಕುವವರು ಹತ್ತು ಮಂದಿಯೂ ಇರುತ್ತಿರಲಿಲ್ಲ.

ಮುಂದಿನ ಮಂಗಳವಾರ ಅಜ್ಜಿ ಮತ್ತೆ ಬಂದರು. ಅವರ ಮನೆಯೂ ಬಿದ್ದಿತ್ತು, ಶಾಲೆಯಿಂದಲೇ ಬಂದರು. "ಹೋದ ವಾರ ಎಲ್ಲಿ ನಿಲ್ಲಿಸಿದೆನೋ ಅಲ್ಲಿಂದಲೇ ಹೇಳುತ್ತೇನೆ ಕಣಮ್ಮ. ಹಸೆಗೆ ಕರೆದ ಮದುಮಗಳನ್ನು ಎಂಟು ದಿನ ನಿಲ್ಲಿಸಿದ್ದಾಯಿತು, ಇನ್ನು ಕೂರಿಸಬೇಡವೆ?" ಎಂದು ಹೇಳಿ ಉಳಿದ ಪದವನ್ನು ಹಾಡಿ ಮುಗಿಸಿದರು. ಆ ದಿನ ನಮ್ಮ ಮನೆಯವರು ಒಲೆಯ ಮೇಲಿಟ್ಟ ಹಾಲನ್ನು ಮರೆತರು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಆದರೆ ನಿಜವು ಇನ್ನೂ ಸ್ವಲ್ಪ ಇದೆ. ಕೋಡಿಯ ನೀರು ಊರಿಗೆ ನುಗ್ಗಿದುದು ಮಳೆಯೊಂದರ ತಪ್ಪಲ್ಲ. ನೀರು ಹೋಗಬೇಕಾದ ಕಾಲುವೆಯು ವರ್ಷವರ್ಷಕ್ಕೂ ಒತ್ತುವರಿಯಾಗಿ, ಹೂಳು ತುಂಬಿ, ಎತ್ತಿನ ಗಾಡಿಯಷ್ಟು ಅಗಲವಿದ್ದುದು ಮೊರದಷ್ಟಾಗಿತ್ತು. ಇದು ಊರಿಗೆಲ್ಲ ಗೊತ್ತು. ಆದರೆ 'ಏಕೆ' ಎಂಬುದನ್ನು ಬಾನುಲಿಯಲ್ಲಿ ಹೇಳುವ ಹಾಗಿಲ್ಲವಷ್ಟೆ. ಆಗ ಕೆಳಗಿನ ಬೀದಿಯ ಹೆಂಗಸರು ಒಂದು ಕೆಲಸ ಮಾಡಿದರು. ದೀಪಾವಳಿಯ ಸಮಯಕ್ಕೆ ಕೋಲಾಟದ ಧಾಟಿಯಲ್ಲಿ ಒಂದು ಪದವನ್ನು ಕಟ್ಟಿದರು. ಗಂಗೆಯು ತವರಿಗೆ ಹೊರಡುತ್ತಾಳೆ. ದಾರಿಯಲ್ಲಿ ಒಬ್ಬನ ಗೋಡೆ ಅಡ್ಡ ಬರುತ್ತದೆ, ಇನ್ನೊಬ್ಬನ ಕೊಟ್ಟಿಗೆ ಅಡ್ಡ ಬರುತ್ತದೆ. ದಾರಿ ಕಾಣದೆ ಬಡವರ ಮನೆಯನ್ನು ಹೊಕ್ಕು ಅತ್ತುಬಿಡುತ್ತಾಳೆ. ಯಾರ ಹೆಸರೂ ಇಲ್ಲ, ಯಾವ ಕಚೇರಿಯ ಮಾತೂ ಇಲ್ಲ. ಮಂಗಳವಾರದ ಸರದಿಯಲ್ಲಿ ಅದು ಪ್ರಸಾರವಾಯಿತು. ಇದು ಹಾಡೋ ಸುದ್ದಿಯೋ? ಹಲಗಲಿಯ ಲಾವಣಿಕಾರನನ್ನು ಕೇಳಬಹುದಾಗಿದ್ದರೆ ಅವನು ಏನು ಹೇಳುತ್ತಿದ್ದನೋ!

ಆ ಪದದಿಂದ ಕಾಲುವೆಯೆಲ್ಲ ತೆರವಾಯಿತೆಂದು ಬರೆಯುವ ಆಸೆ ನಮಗಿದೆ, ಆದರೆ ಹಾಗಾಗಲಿಲ್ಲ. ಮಕ್ಕಳೆಲ್ಲ ಬೀದಿಬೀದಿಯಲ್ಲಿ ಅದನ್ನೇ ಹಾಡಿಕೊಂಡು ಓಡಾಡುತ್ತಿದ್ದುದನ್ನು ಕೇಳಲಾರದೆ ಕೊಟ್ಟಿಗೆಯ ಯಜಮಾನರು ತಾವಾಗಿಯೇ ಮೂರು ಮೊಳ ಹಿಂದಕ್ಕೆ ಸರಿದರು. ಗೋಡೆಯವರು ಇನ್ನೂ ಸರಿದಿಲ್ಲ. ಹೂಳನ್ನು ಅರ್ಧದವರೆಗೆ ತೆಗೆದಿದ್ದಾರೆ. ಮುಂದಿನ ಮಳೆಗೆ ಏನಾಗುವುದೋ ನೋಡಬೇಕು. ಹಾಡಿನಿಂದ ನಾಚಿಕೆಯನ್ನು ಹುಟ್ಟಿಸಬಹುದು. ನಾಚಿಕೆಯಿಲ್ಲದವರಿಗೆ ಲೆಕ್ಕವನ್ನು ಕೇಳುವ ನೇರವಾದ ಮಾತೇ ಬೇಕು. ಹಾಡಿನ ಮರೆಯಲ್ಲಿ ನಿಂತು ಸತ್ಯವನ್ನು ಹೇಳುವ ಜಾಣತನವು ಮೆಚ್ಚತಕ್ಕದ್ದಾದರೂ, ಮರೆಯಿಲ್ಲದೆ ಹೇಳುವ ದಿನವು ಬಂದರೆ ಅದು ಇನ್ನೂ ಮೇಲು.

ಈಚೆಗೆ ಒಂದು ಶುಕ್ರವಾರ ಮೇಷ್ಟ್ರು ಜಗಲಿಯಲ್ಲಿ ನಮ್ಮೊಡನೆ ಕುಳಿತು ಬಾನುಲಿಯನ್ನು ಕೇಳುತ್ತಿದ್ದರು. ದೇವರನಾಮ ಮುಗಿಯಿತು. ಎಂದಿನಂತೆ ಹುಡುಗಿಯ ಧ್ವನಿ ಬರುವುದೆಂದು ನಾವು ಅವರ ಮುಖವನ್ನು ನೋಡಿದೆವು. ಅವರು ಕೈಯೆತ್ತಿ ನಮ್ಮನ್ನು ಸುಮ್ಮನಿರಿಸಿ, "ತಾಳಿ ಸ್ವಾಮಿ, ನೀರಿನ ವಿಷಯ ಹೇಳುತ್ತಾಳೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೂ ಹಾಡು ಮುಗಿದ ಮೇಲೆ ಒಂದೆರಡು ಗಳಿಗೆ ಶ್ರುತಿಯನ್ನು ನಿಲ್ಲಗೊಡಬೇಕು. ಅಷ್ಟನ್ನು ಮಾತ್ರ ಅವಳಿಗೆ ಹೇಳಿಬನ್ನಿ" ಎಂದು ಸೇರಿಸಿದರು.

ನಾವು ಹೋಗಿ ಹೇಳಿದೆವು. ಈಗ ಹಾಡಿಗೂ ಸುದ್ದಿಗೂ ನಡುವೆ ಅಷ್ಟು ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಹಿತ್ತಿಲಿನ ಮೇಕೆಯು ಒಮ್ಮೊಮ್ಮೆ ಕೂಗುತ್ತದೆ. ಹಸುವು ಸಿಕ್ಕಿದುದನ್ನು ಹೇಳುವುದು ಮರೆತಿದ್ದೆವು: ಅದು ಮೂರನೆಯ ದಿನ, ಒಡೆದ ಗಂಟೆಯ ಸದ್ದಿನಿಂದಲೇ, ಕೋಟೆಯ ಹಿಂದಿನ ಹುಣಿಸೆಯ ತೋಪಿನಲ್ಲಿ ಸಿಕ್ಕಿತು.